ಓಣಿಯ ವಾಲ್, ನಮ್ಮ ಅಡುಗೆಮನೆ

ಹೊಸದಾಗಿ ನಮ್ಮ ಮನೆಗೆ ಬಂದವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಿದ್ದರು. ಒಲೆಯ ಪಕ್ಕ, ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಕಾಣುವ ಆ ಚೌಕದ ಕಬ್ಬಿಣದ ಮುಚ್ಚಳ ಏನು? ಕೆಲವರು ಅದನ್ನು ಕಾಳು ತುಂಬುವ ಹಗೇವು ಎಂದುಕೊಂಡರು. ನನ್ನ ಹೆಂಡತಿಯ ಸೋದರಮಾವನಂತೂ ಕಲ್ಯಾಣದ ಕೋಟೆಗೆ ಹೋಗುವ ಸುರಂಗವೇ ಇರಬೇಕೆಂದು ಊಟ ಮುಗಿಯುವವರೆಗೆ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ನಿಜ ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ನೀವು ನಂಬುತ್ತೀರೋ ಇಲ್ಲವೋ ನೋಡೋಣ. ಅದು ನಮ್ಮ ಓಣಿಯ ನೀರಿನ ವಾಲ್. ಇಪ್ಪತ್ತೆರಡು ಮನೆಗಳ ನಳಕ್ಕೆ ನೀರು ಬರಬೇಕಾದರೆ ನೀರು ಬಿಡುವವನು ಸೋಮವಾರ, ಗುರುವಾರ ಬೆಳಿಗ್ಗೆ ನಮ್ಮ ಅಡುಗೆಮನೆಗೆ ಬಂದು, ಮುಚ್ಚಳ ಎತ್ತಿ, ಉದ್ದನೆಯ ಚಾವಿ ಇಳಿಬಿಟ್ಟು ತಿರುಗಿಸಬೇಕಿತ್ತು.

ವಾಲ್ ತಾನಾಗಿ ಒಳಗೆ ಬಂದದ್ದಲ್ಲ, ನಮ್ಮ ಮನೆಯೇ ಹೋಗಿ ಅದನ್ನು ಒಳಗೆ ಹಾಕಿಕೊಂಡದ್ದು. ಅದಕ್ಕೆ ಕಾರಣ ಅವ್ವನ ಎಡಗಾಲು. ಮೋರಖಂಡಿಯ ತವರಿನಲ್ಲಿ ಸಣ್ಣವಳಿದ್ದಾಗ ಅವಳು ಚಕ್ಕಡಿಯಿಂದ ಬಿದ್ದಳಂತೆ, ಅಂದಿನಿಂದ ಆ ಮೊಣಕಾಲು ಮಡಚುವುದಿಲ್ಲ. ರೊಟ್ಟಿ ಬಡಿಯಲು ಕೂತರೆ ಕಾಲು ನೆಟ್ಟಗೆ ಮುಂದಕ್ಕೆ ಚಾಚಿಕೊಂಡಿರಬೇಕು. ನಮ್ಮ ಹಳೆಯ ಅಡುಗೆಮನೆ ಎಷ್ಟು ಇಕ್ಕಟ್ಟಾಗಿತ್ತೆಂದರೆ ಅವ್ವ ಅಡುಗೆಮನೆಯಲ್ಲಿ, ಅವಳ ಕಾಲು ನಡುಮನೆಯಲ್ಲಿ. ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದ ಅಪ್ಪ, ಹುಲಸೂರ ಬಸ್ಸು, ಹುಮನಾಬಾದ ಬಸ್ಸು ಅಂತ ಮೈಕಿನಲ್ಲಿ ಕೂಗಿ ಕೂಗಿ ಮನೆಯಲ್ಲೂ ಪ್ರತಿ ಮಾತನ್ನು ಎರಡೆರಡು ಸಲ ಪ್ರಕಟಿಸುವ ಮನುಷ್ಯ. ಅವನು ದಿನಕ್ಕೆರಡು ಸಲ ಆ ಕಾಲನ್ನು ಎಡವುತ್ತಿದ್ದ. ಒಂದು ದಿನ ಎಡವಿದ ರಭಸಕ್ಕೆ ಬೇಳೆಯ ಸಾರಿನ ಪಾತ್ರೆಯೊಳಗೆ ಕೈಯಿಟ್ಟ. ಮರುದಿನವೇ ಗೌಂಡಿಯನ್ನು ಕರೆತಂದು, ಓಣಿಯ ಕಡೆಯ ಗೋಡೆಯನ್ನು ಮೂರು ಅಡಿ ಮುಂದಕ್ಕೆ ತಳ್ಳುವುದೆಂದು ಎರಡು ಸಲ ಹೇಳಿದ. ಯಾಕೆ ಮೂರೇ ಅಡಿ ಎಂದರೆ ಅವ್ವನ ಕಾಲನ್ನು ಅಳೆದಿದ್ದ.

ಗೌಂಡಿ ಸುಣ್ಣದ ಗೆರೆ ಎಳೆದು ತಲೆ ಕೆರೆದುಕೊಂಡ. "ಸಾಹೇಬ್ರ, ಗೋಡಿ ಇಲ್ಲಿಗೆ ಬಂದ್ರ ನೀರಿನ ಗುಂಡಿ ಒಳಗ ಬರ್ತದ್ರಿ."

"ಬರ್ಲಿ ಬಿಡು," ಅಂದ ಅಪ್ಪ. "ಗುಂಡಿ ಏನು ರೊಟ್ಟಿ ಕೇಳ್ತದೇನು? ಬರ್ಲಿ ಬಿಡು."

ಹೀಗೆ ಬಂತು. ಆ ಗುರುವಾರ ನೀರು ಬಿಡುವ ಖಾಸಿಂ ಚಾಚಾ ಹೆಗಲ ಮೇಲೆ ಚಾವಿ ಹೊತ್ತು ಬಂದು ಓಣಿಯ ಈ ತುದಿಯಿಂದ ಆ ತುದಿಗೆ ಮೂರು ಸಲ ಓಡಾಡಿದರಂತೆ. ಸೋಮವಾರ ಇದ್ದ ಗುಂಡಿ ಗುರುವಾರ ಇಲ್ಲ ಎಂದರೆ ಯಾರಿಗೆ ದೂರು ಕೊಡುವುದು? ಆಗ ಅವರಿಗೆ ಇಪ್ಪತ್ತು ಚಿಲ್ಲರೆ ವಯಸ್ಸು, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಕಡೆಗೆ ಅವ್ವ ಕಿಟಕಿಯಿಂದ, "ಖಾಸಿಂಭಾಯಿ, ನಿಮ್ ಗುಂಡಿ ಇಲ್ಲಿ ಅದ ನೋಡ್ರಿ, ಒಳಗ ಬರ್ರಿ" ಅಂದಳು. ಚಾಚಾ ಚಪ್ಪಲಿ ಬಿಟ್ಟು ಒಳಗೆ ಬಂದರು. ಆ ಮೂರು ಅಡಿಗೆ ಸಿಕ್ಕ ಸರ್ಕಾರಿ ಮಂಜೂರಾತಿ ಇಷ್ಟೇ.

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಚಾಚಾ ಹೊಸ್ತಿಲಿಗೆ ಚಾವಿ ತಾಗಿಸಿ ಮೂರು ಸಲ ಸದ್ದು ಮಾಡುತ್ತಿದ್ದರು. ಅವ್ವ ಹಿಟ್ಟಿನ ಡಬ್ಬಿ ಸರಿಸುತ್ತಿದ್ದಳು. ವಾಲ್ ಪೂರ್ತಿ ತೆರೆಯಲು ಹದಿನಾಲ್ಕು ಸುತ್ತು. ಆದರೆ ಚಾಚಾಗೆ ಮಾತಾಡುತ್ತ ತಿರುಗಿಸಿದರೆ ಎಣಿಕೆ ತಪ್ಪುತ್ತದೆ, ಮಾತಾಡದೆ ಅವರು ಇರಲಾರರು. ಹಾಗಾಗಿ ಅವರು ತಿರುಗಿಸುವುದು, ಅವ್ವ ಎಣಿಸುವುದು. "ಏಳು, ಎಂಟು, ನಿಮ್ ಮಗಳ ಜ್ವರಾ ಇಳೀತಾ, ಒಂಬತ್ತು" ಎಂಬ ಧಾಟಿಯಲ್ಲಿ ನಮ್ಮ ಓಣಿಗೆ ನೀರು ಹರಿಯುತ್ತಿತ್ತು.

ಇಷ್ಟರಿಂದ ಓಣಿಗೆ ಸಮಾಧಾನವಾಗಲಿಲ್ಲ. ವಾಲ್ ಯಾರ ಮನೆಯಲ್ಲಿದೆಯೋ ಅವರ ನಳಕ್ಕೆ ನೀರು ಜಾಸ್ತಿ ಎಂಬುದು ಯಾರಿಗಾದರೂ ಹೊಳೆಯುವ ಸಂಗತಿ. ಓಣಿಯ ಕೊನೆಯ ಮನೆಯ ಸುಂದರಬಾಯಿಗೆ ಎಲ್ಲರಿಗಿಂತ ಮೊದಲು ಹೊಳೆಯಿತು. "ವೈನಿ, ನಮ್ ಕಡಿ ಹದಿಮೂರೇ ಸುತ್ತಿನ ನೀರು ಬರಾಕತ್ತದ" ಎಂದು ಆಕೆ ಜಗಳ ತೆಗೆದಳು. ಒಂದೇ ವಾಲ್‌ನಿಂದ ಒಬ್ಬರಿಗೆ ಹದಿನಾಲ್ಕು, ಇನ್ನೊಬ್ಬರಿಗೆ ಹದಿಮೂರು ಸುತ್ತಿನ ನೀರು ಹೇಗೆ ಹೋಗುತ್ತದೆ ಎಂದು ಅವ್ವ ಕೇಳಲಿಲ್ಲ. ಬೇಕಾದರೆ ಬಂದು ನೋಡು ಅಂದಳು. ಆಕೆ ಬಂದಳು, ಆದರೂ ಜಗಳ ಬಿಡಲಿಲ್ಲ. ಕೊನೆಯ ಮನೆಯವಳು ಬಂದ ಮೇಲೆ ಮೊದಲ ಮನೆಯವಳು ಸುಮ್ಮನಿರುತ್ತಾಳೆಯೇ? ಹೀಗೆ ವಾರಕ್ಕೆರಡು ಬೆಳಿಗ್ಗೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಇಬ್ಬರು ಸಾಕ್ಷಿಗಳು ನಿಂತು ಸುತ್ತು ಎಣಿಸುವುದು, ಸಾಕ್ಷಿ ಹೇಳಿದವರಿಗೂ ಚಾಚಾಗೂ ಅವ್ವ ಚಹಾ ಕೊಡುವುದು ಶುರುವಾಯಿತು. ಯಾವ ಕೋರ್ಟಿನಲ್ಲೂ ಸಾಕ್ಷಿಗಳು ಅಷ್ಟು ತಪ್ಪದೆ ಹಾಜರಾಗಿರಲಿಕ್ಕಿಲ್ಲ.

ನನ್ನ ವಿಷಯ ಹೇಳಲು ನಾಚಿಕೆ. ಶಾಲೆಯಲ್ಲಿ ನಾನು ಆ ವಾಲ್‌ನ ಬಲದ ಮೇಲೆ ದರ್ಬಾರು ನಡೆಸಿದೆ. ಲಗೋರಿಯಲ್ಲಿ ನನ್ನನ್ನು ಔಟ್ ಎಂದವನ ಮನೆಗೆ ನೀರು ಬಂದ್ ಎಂದು ಘೋಷಿಸುತ್ತಿದ್ದೆ. ಕರ್ಮಧರ್ಮ ಸಂಯೋಗದಿಂದ ಒಂದು ಗುರುವಾರ ಲೈಟ್ ಹೋಗಿ ಟ್ಯಾಂಕ್ ತುಂಬದೆ ಯಾರ ಮನೆಗೂ ನೀರು ಬರಲಿಲ್ಲ. ಶುಕ್ರವಾರ ಆ ಹುಡುಗ ಜೇಬು ತುಂಬ ಬಾರೀಹಣ್ಣು ತಂದು ಕೊಟ್ಟು ನಾನು ಔಟ್ ಆಗಿರಲಿಲ್ಲವೆಂದು ಒಪ್ಪಿಕೊಂಡ. ಅಧಿಕಾರ ಎಂದರೆ ಏನೆಂದು ನನಗೆ ತಿಳಿದದ್ದು ಅಂದು, ಅದನ್ನು ಮತ್ತೆಂದೂ ಅಷ್ಟು ಸವಿದಿಲ್ಲ.

ಮದುವೆಯಾದ ಮರುದಿನದ ಕಥೆಯನ್ನೂ ಹೇಳಿಬಿಡುತ್ತೇನೆ. ನನ್ನ ಹೆಂಡತಿ ಮಹಾದೇವಿ ಹುಮನಾಬಾದಿನವಳು. ಹೊಸ ಸೊಸೆ ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋದರೆ ಅಲ್ಲಿ ಗಡ್ಡದ ಮನುಷ್ಯರೊಬ್ಬರು ಕಬ್ಬಿಣದ ಸಲಾಕೆ ಹಿಡಿದು ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾರೆ, ಅತ್ತೆ ಎಣಿಸುತ್ತಿದ್ದಾಳೆ, ಇಬ್ಬರು ಹೆಂಗಸರು ಕೈಕಟ್ಟಿ ನಿಂತು ನೋಡುತ್ತಿದ್ದಾರೆ. ನಮ್ಮ ಮನೆತನದ ಯಾವುದೋ ಪೂಜೆ ಇರಬೇಕೆಂದು ಆಕೆ ಸೆರಗು ಹೊದ್ದು ಚಾಚಾನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಚಾಚಾ ಗಾಬರಿಯಾದರೂ ಬಿಡಲಿಲ್ಲ. "ಸುಖದಾಗ ಇರವ್ವಾ. ಸೋಮಾರ, ಗುರುವಾರ ನೀರು" ಎಂದು ಆಶೀರ್ವಾದ ಮಾಡಿದರು.

ವಾಲ್ ಎಂದ ಮೇಲೆ ರಿಪೇರಿ ಇದ್ದದ್ದೇ. ಅದರ ಕುತ್ತಿಗೆಯ ಬಳಿ ನೀರು ಜಿನುಗಲು ಶುರುವಾದರೆ ಹಳೆಯ ದಾರ ಕಿತ್ತು, ಗ್ರೀಸ್ ಸವರಿದ ಹೊಸ ದಾರ ಸುತ್ತಿ ಬಿಗಿಯಬೇಕು. ನೀರಿನ ಆಫೀಸಿನ ದಾರ ಯಾವಾಗಲೂ ಮುಗಿದಿರುತ್ತಿತ್ತು. ಚಾಚಾ ಅವ್ವನ ಹಳೆಯ ಸೀರೆಯ ಪಟ್ಟಿ ಕೇಳುತ್ತಿದ್ದರು. "ಕಾಟನ್ದು ಕೊಡ್ರಿ ಭಾಭಿ, ನೈಲಾನ್ ನಡಿಯಂಗಿಲ್ಲ." ಅವ್ವ ಹಾಗೆ ಹಸಿರು ಸೀರೆ, ದಾಳಿಂಬೆ ಬಣ್ಣದ ಸೀರೆ ಒಂದೊಂದಾಗಿ ಕೊಟ್ಟಳು. ಅಪ್ಪ ತೀರುವ ಸ್ವಲ್ಪ ಮುಂಚೆ ಕೊಟ್ಟದ್ದು ಕಂದು ಬಣ್ಣದ ಕಾಟನ್ ಸೀರೆ. ಅದಾದ ಮೇಲೆ ಹನ್ನೊಂದು ವರ್ಷ ವಾಲ್ ಒಂದು ಹನಿ ಸೋರಲಿಲ್ಲ. ಸೀರೆ ಅಂದರೆ ಹಾಗಿರಬೇಕು ಎಂದು ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು, ಓಣಿಯೂ ಹೌದೌದು ಅಂದಿತು. ಹುಮನಾಬಾದಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದ ನಾನೂ ಹೌದೆಂದೆ. ನೀರಿನ ಒತ್ತಡದ ಪಾಠ ಬಂದಾಗ ನಮ್ಮ ಮನೆಯ ವಾಲ್‌ನ ಚಿತ್ರವನ್ನೇ ಬೋರ್ಡಿನ ಮೇಲೆ ಬರೆದು, ಒಂದು ಸೀರೆಯ ಪಟ್ಟಿ ಎಷ್ಟು ಒತ್ತಡ ತಡೆಯಬಲ್ಲದು ನೋಡಿ ಎಂದು ಮಕ್ಕಳನ್ನು ಬೆರಗಾಗಿಸುತ್ತಿದ್ದೆ.

ಈಚೆಗೆ ಊರಿಗೆ ಹೊಸ ಪೈಪ್‌ಲೈನ್ ಬಂತು. ಓಣಿಗಳನ್ನೆಲ್ಲ ಅಗೆದು ಹಾಕಿದರು. ಒಂದು ದಿನ ನಾನು ಶಾಲೆಯಿಂದ ಬಸ್ಸಿಳಿದು ಮನೆಗೆ ಬಂದರೆ ಅಡುಗೆಮನೆಯ ಹೊರಗೋಡೆಯ ಮೇಲೆ ಕೆಂಪು ಬಣ್ಣದ ದೊಡ್ಡ ಅಡ್ಡಗೆರೆ. ಹುಲಸೂರ ಕಡೆಯ ಒಬ್ಬ ಎಳೆಯ ವಯಸ್ಸಿನ ಇಂಜಿನಿಯರ್ ಹುಡುಗಿ ಟೇಪು ಹಿಡಿದು ನಿಂತಿದ್ದಳು. ಒಳ್ಳೆಯ ಹುಡುಗಿ, ಮಾತು ಮೆತ್ತಗೆ. ಸಾರ್ವಜನಿಕ ವಾಲ್ ಸಾರ್ವಜನಿಕ ರಸ್ತೆಯಲ್ಲೇ ಇರಬೇಕು, ಆದ್ದರಿಂದ ಈ ಗೋಡೆಯನ್ನು ಮೂರು ಅಡಿ ಹಿಂದಕ್ಕೆ ಹಾಕಬೇಕು, ಮುಂದಿನ ಗುರುವಾರ ಜನ ಬರುತ್ತಾರೆ ಎಂದು ಆಕೆ ಮೆತ್ತಗೆ ಹೇಳಿದಳು.

ಅವ್ವ ಒಳಗಿನಿಂದ ಕೇಳಿದಳು. "ಮೂರಡಿ ತಗೀರಿ ಬೇಕಾದ್ರ. ನನ್ ಕಾಲು ಎಲ್ಲಿ ಇಡ್ಲಿ ಹೇಳ್ರಿ."

ಕೇಳುವವರಿಗೆ ನಗು ಬರುವ ಪ್ರಶ್ನೆ. ಆದರೆ ನನಗೆ ನಗು ಬರಲಿಲ್ಲ. ಎಪ್ಪತ್ತು ದಾಟಿದ ಅವ್ವನಿಗೆ ನಿಂತು ಅಡುಗೆ ಮಾಡಲಾಗುವುದಿಲ್ಲ. ಆ ಮೂರು ಅಡಿ ಹೋದರೆ ಕೂತೂ ಮಾಡಲಾಗುವುದಿಲ್ಲ. ರೊಟ್ಟಿ ಬಡಿಯುವುದು ಬಿಟ್ಟ ಅವ್ವ ಏನಾಗುತ್ತಾಳೆಂದು ಯೋಚಿಸಲು ನನಗೆ ಭಯವಾಯಿತು. ಕಾಯಿಲೆ ಬಂದಾಗಲೂ ಮಲಗದೆ ಬಡಿದವಳು ಅವಳು.

ನಾನು ಮಾಸ್ತರ, ನನಗೆ ಬರುವ ವಿದ್ಯೆ ಒಂದೇ, ಅರ್ಜಿ ಬರೆಯುವುದು. ಎರಡು ದಿನ ಕೂತು ನಾಲ್ಕು ಪುಟ ಬರೆದೆ. ಮೂವತ್ತೈದು ವರ್ಷಗಳಿಂದ ಸದರಿ ವಾಲ್ ಅನ್ನು ನಮ್ಮ ಅಡುಗೆಮನೆಯಲ್ಲಿಟ್ಟುಕೊಂಡು, ಮಳೆ ಬಿಸಿಲು ತಾಗದಂತೆ, ಸ್ವಂತ ಸೀರೆಗಳನ್ನು ಹರಿದು ಜೋಪಾನ ಮಾಡಿರುವ ನಮ್ಮ ಕುಟುಂಬದ ಸೇವೆಯನ್ನು ಪರಿಗಣಿಸಿ, ಓಣಿಯ ಜೀವನಾಡಿಯಾದ ಅದನ್ನು ಇದ್ದಲ್ಲೇ ಇರಗೊಡಬೇಕೆಂದು ಬೇಡಿದೆ. ಓಣಿಯ ಉಳಿದ ಇಪ್ಪತ್ತೊಂದು ಮನೆಯವರೂ ಸಹಿ ಹಾಕಿದರು. ಸುಂದರಬಾಯಿ ಸಹಿ ಹಾಕುವ ಮುನ್ನ "ಜೀವನಾಡಿ ಅಂತ ಬರೀಲೇಬೇಕೇನ್ರಿ ಮಾಸ್ತರ?" ಎಂದು ಒಮ್ಮೆ ಕೇಳಿದಳು. ಬರೆಯಲೇಬೇಕು ಅಂದೆ.

ಇಂಜಿನಿಯರ್ ಹುಡುಗಿ ನಾಲ್ಕೂ ಪುಟ ಓದಿದಳು. "ಸರ್, ನಿಮ್ ಕನ್ನಡ ಭಾಳ ಛಲೋ ಅದ," ಅಂದಳು. "ಆದ್ರ ಇದರಾಗ ಸರ್ಕಾರಿ ಜಾಗ ಒತ್ತುವರಿ ಮಾಡೀವಿ ಅಂತ ನೀವೇ ಒಪ್ಕೊಂಡಂಗ ಆಗ್ಯದ. ಮ್ಯಾಲ ಇಪ್ಪತ್ತೊಂದು ಮಂದಿ ಸಾಕ್ಷಿ ಸಹಿ."

ಅಲ್ಲಿಯವರೆಗೆ ಬರೀ ಗೋಡೆಯ ಮೇಲೆ ಗೆರೆ ಇತ್ತು, ಈಗ ಲಿಖಿತ ದಾಖಲೆಯೂ ಆಯಿತು. ಮನೆಗೆ ಬಂದು ಇದನ್ನು ಹೇಳಿದಾಗ ಮಹಾದೇವಿ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು.

ಆ ವಾರ ಖಾಸಿಂ ಚಾಚಾ ಕೂಡ ಸರಿಯಿರಲಿಲ್ಲ. ಸೋಮವಾರ ಬಂದು ಮಾತಿಲ್ಲದೆ ಹದಿನಾಲ್ಕು ಸುತ್ತು ತಿರುಗಿಸಿದರು. ಕೊಟ್ಟ ಚಹಾ ಹಾಗೇ ಇಟ್ಟು, ಗೋಡೆಯನ್ನೊಮ್ಮೆ, ಅವ್ವನ ಕಾಲನ್ನೊಮ್ಮೆ ನೋಡಿ ಹೋದರು. ನಿವೃತ್ತಿ ಹತ್ತಿರ ಬಂದ ಬೇಜಾರಿರಬೇಕು ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಹಾರೆ, ಸುತ್ತಿಗೆ ಹಿಡಿದ ನಾಲ್ವರು ಬಂದರು. ಓಣಿಯೆಲ್ಲ ನೆರೆಯಿತು. ಅವ್ವ ಮಾತ್ರ ಎಂದಿನಂತೆ ಅಡುಗೆಮನೆಯಲ್ಲಿ ಕೂತು, ಕಾಲು ಚಾಚಿ, ಪಾದವನ್ನು ಒಡೆಯಬೇಕಾದ ಗೋಡೆಗೇ ಒತ್ತಿ ಇಟ್ಟಿದ್ದಳು. ಮುಂದೆ ಹಿಟ್ಟಿನ ಪರಾತ. "ಆಯಿ, ಜರಾ ಹೊರಗ ಬರ್ರಿ" ಎಂದು ಇಂಜಿನಿಯರ್ ಹುಡುಗಿ ಎಷ್ಟು ಕೇಳಿಕೊಂಡರೂ, "ನೀವ್ ಒಡೀರವ್ವಾ, ನನ್ ರೊಟ್ಟಿ ಇನ್ನಾ ಅವ" ಎಂದು ಬಡಿಯುತ್ತಲೇ ಇದ್ದಳು. ನಾನು ಒಳಗೆ ಹೋಗಿ ಅವಳ ಭುಜ ಹಿಡಿದೆ. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗಾಗಿತ್ತು. ನನ್ನ ಜೀವಮಾನದಲ್ಲಿ ಅವ್ವನ ರೊಟ್ಟಿ ಹಾಗಾದದ್ದನ್ನು ನೋಡಿರಲಿಲ್ಲ.

ಹೊರಗೆ ಒಬ್ಬ ಸುತ್ತಿಗೆ ಎತ್ತಿದ. ಆಗ ಖಾಸಿಂ ಚಾಚಾ ಮುಂದೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತರು.

"ಹೊಡಿಬ್ಯಾಡ್ರಿ," ಎಂದು ಇಂಜಿನಿಯರ್ ಹುಡುಗಿಗೆ ಹೇಳಿದರು. "ಬಾಯಿ, ಈ ವಾಲ್ ಸತ್ತು ಹನ್ನೊಂದು ವರ್ಷ ಆತ್ರಿ."

ಇಂಜಿನಿಯರ್ ಹುಡುಗಿಗೆ ಅರ್ಥವಾಗಲಿಲ್ಲ. "ನಕ್ಷಾದಾಗ ಇಲ್ಲೇ ಅದಲ್ರಿ ಚಾಚಾ."

"ನಕ್ಷಾ ಹಳೇದದ. ಖರೇ ವಾಲ್ ಅಲ್ಲಿ ಅದ ನೋಡ್ರಿ, ಗಿರಣಿ ಮುಂದ."

ಎದುರಿನ ಹಿಟ್ಟಿನ ಗಿರಣಿಯ ಮುಂದೊಂದು ಕಬ್ಬಿಣದ ಮುಚ್ಚಳ ಇತ್ತು. ನಾನು ದಿನಾ ಅದನ್ನು ದಾಟಿ ಬಸ್ಸಿಗೆ ಹೋಗುತ್ತಿದ್ದೆ, ಟೆಲಿಫೋನಿನವರದ್ದು ಎಂದುಕೊಂಡಿದ್ದೆ. ನೀರು ಬರುವ ದಿನವೇ ಆದ್ದರಿಂದ ಪರೀಕ್ಷೆ ಅಲ್ಲೇ ಆಗಿಹೋಯಿತು. ನಮ್ಮ ವಾಲ್ ಪೂರ್ತಿ ಬಿಗಿದರೂ ಓಣಿಯ ನಳಗಳು ಹರಿಯುತ್ತಲೇ ಇದ್ದವು. ಗಿರಣಿಯ ಮುಂದಿನದನ್ನು ಬಿಗಿದಾಗ ಎಲ್ಲ ಒಟ್ಟಿಗೆ ನಿಂತವು. ಗೋಡೆಯ ಹೊರಗೆ ಅಗೆದು ನೋಡಿದರೆ ನಮ್ಮ ವಾಲ್‌ಗೆ ಬರುವ ಪೈಪನ್ನು ಎರಡೂ ಕಡೆ ಕತ್ತರಿಸಿ ಬಾಯಿ ಮುಚ್ಚಿದ್ದರು. ಸೀರೆಯ ಪಟ್ಟಿ ಹನ್ನೊಂದು ವರ್ಷ ತಡೆದದ್ದು ಗಾಳಿಯನ್ನು.

ಅವ್ವ ಗೋಡೆ ಹಿಡಿದು ಎದ್ದು ಬಾಗಿಲಿಗೆ ಬಂದಳು. "ಖಾಸಿಂಭಾಯಿ, ಮತ್ತ ನಾ ಎಣಸಿದ್ದು?"

"ನೀವು ಎಣಸಿದ್ದು ಖರೇನೇ ಭಾಭಿ. ನಾ ತಿರುವಿದ್ದೂ ಖರೇ. ನೀರಷ್ಟೇ ಇದ್ದಿಲ್ಲ."

ಚಾಚಾ ಹೇಳಿದ್ದು ಇಷ್ಟು. ಹನ್ನೊಂದು ವರ್ಷದ ಹಿಂದೆ ಅಪ್ಪನನ್ನು ಸೋಲಾಪುರದ ಆಸ್ಪತ್ರೆಗೆ ಕರೆದೊಯ್ದಾಗ ನಮ್ಮ ಮನೆಗೆ ಒಂದು ತಿಂಗಳು ಬೀಗ. ಅವ್ವ, ನಾನು ಅಲ್ಲಿ, ಮಹಾದೇವಿ ಕೂಸಿನೊಂದಿಗೆ ತವರಿನಲ್ಲಿ. ನಾವು ಹೊರಟ ಗಡಿಬಿಡಿಯಲ್ಲಿ ವಾಲ್ ಅರ್ಧ ತೆರೆದದ್ದು ಅರ್ಧವೇ ಉಳಿದು ಓಣಿಯ ಕೊನೆಗೆ ನೀರು ಮುಟ್ಟಲಿಲ್ಲ. ಬೀಗ ಒಡೆಯಲು ಯಾರಿಗೂ ಮನಸ್ಸಾಗದೆ, ಎದುರು ಬದಿಯಲ್ಲಿ ಹೊಸ ವಾಲ್ ಕೂರಿಸಿ ಹಳೆಯದನ್ನು ಕತ್ತರಿಸಿದರು. ನಾವು ಅಪ್ಪನ ಹೆಣದೊಂದಿಗೆ ಮರಳಿದೆವು. ವಿಷಯ ಹೇಳಿಬಿಡೋಣ ಎಂದು ಮಣ್ಣಾದ ಮೂರನೇ ದಿನ ಚಾಚಾ ಹೊಸ್ತಿಲಿಗೆ ಬಂದರಂತೆ.

"ಮೂರು ದಿನದಿಂದ ಭಾಭಿ ಯಾರ ಜೋಡಿನೂ ಮಾತಾಡಿದ್ದಿಲ್ಲ, ಮೂಲ್ಯಾಗ ಕೂತಿದ್ರು. ನಾ ಸಪ್ಪಳ ಮಾಡೂದ್ರಾಗ ಎದ್ದು ಬಂದು ಡಬ್ಬಿ ಸರಸಿದ್ರು. ಎಣಸಾಕ ರೆಡಿ ಆಗಿ ಕೂತ್ರು. ಹ್ಯಾಂಗ ಹೇಳ್ಲಿ? ತಿರುವಿದೆ. ಒಂದು, ಎರಡು ಅಂದ್ರು. ಮುಂದಿನ ಸಲ ಹೇಳಿದ್ರಾತು ಅಂದ್ಕೊಂಡೆ."

ಹಾಗೆ ಮುಂದಿನ ಸಲ ಹೇಳಿದರಾಯಿತು ಎನ್ನುತ್ತಲೇ ಹನ್ನೊಂದು ವರ್ಷ ಅವರು ಗಿರಣಿಯ ಮುಂದೆ ನಿಜವಾದ ವಾಲ್ ತೆರೆದು, ಆಮೇಲೆ ನಮ್ಮ ಮನೆಗೆ ಬಂದು ಸುಳ್ಳು ವಾಲ್ ತೆರೆದಿದ್ದರು. ಮಧ್ಯಾಹ್ನ ಎರಡನ್ನೂ ಮುಚ್ಚಿದ್ದರು.

ನಾನು ಓಣಿಯ ಮುಖ ನೋಡಿದೆ. ಓಣಿ ನೆಲ ನೋಡುತ್ತಿತ್ತು. ಹೊಸ ವಾಲ್ ಕೂರಿಸುವಾಗ ಅಗೆದದ್ದು ಇವರ ಮನೆಗಳ ಮುಂದೆಯೇ ಅಲ್ಲವೇ? ವಾರಕ್ಕೆರಡು ಸಲ ನಮ್ಮ ಬಾಗಿಲಲ್ಲಿ ಸಾಕ್ಷಿ ನಿಂತವರಿಗೆ, ಜೀವನಾಡಿ ಎಂಬ ಮಾತಿನ ಕೆಳಗೆ ಸಹಿ ಹಾಕಿದವರಿಗೆ, ಎಲ್ಲರಿಗೂ ಗೊತ್ತಿತ್ತು.

ಅವ್ವ ಸುಂದರಬಾಯಿಯ ಕಡೆ ತಿರುಗಿದಳು. "ನೀ ಮತ್ತ ಹದಿಮೂರು ಸುತ್ತು ಅಂತ ಯಾಕ ಜಗಳಾ ತೆಗೀತಿದ್ದಿ?"

"ಒಮ್ಮಿಂದೊಮ್ಮೆಲೆ ಜಗಳಾ ಬಿಟ್ರ ನಿಮಗ ಸಂಶೇ ಬರ್ತಿತ್ತಲ್ರಿ ವೈನಿ," ಅಂದಳು ಸುಂದರಬಾಯಿ. "ಮನಸ್ಸಿಲ್ಲದ ಮನಸ್ಸಿನಿಂದ ಮಾಡ್ತಿದ್ದೆ."

ನಾನು ಮಹಾದೇವಿಯನ್ನು ನೋಡಿದೆ. ಅವಳೂ ನೆಲ ನೋಡುತ್ತಿದ್ದಳು. ತವರಿನಿಂದ ಬಂದ ವಾರದಲ್ಲೇ ಅವಳಿಗೆ ಹೇಳಿದ್ದರಂತೆ. ನನಗೊಂದು ಮಾತು ಹೇಳಬಾರದಿತ್ತೇ ಎಂದು ಕೇಳಿದರೆ, "ನೀವು ಸೈನ್ಸ್ ಮಾಸ್ತರು, ನಿಮಗ ಗೊತ್ತಿರ್ತದ ಅಂದ್ಕೊಂಡಿದ್ದೆ" ಅಂದಳು.

ಸತ್ತ ವಾಲ್‌ಗಾಗಿ ಗೋಡೆ ಒಡೆಯುವ ಅಗತ್ಯವಿಲ್ಲವೆಂದು ಇಂಜಿನಿಯರ್ ಹುಡುಗಿ ತನ್ನ ಕಾಗದದಲ್ಲಿ ಬರೆದುಕೊಂಡಳು. ಮೂರು ಅಡಿಯ ಒತ್ತುವರಿ ನೋಡುವುದು ನೀರಿನವರ ಕೆಲಸವಲ್ಲ ಎಂದು ನನ್ನ ನಾಲ್ಕು ಪುಟ ನನಗೇ ವಾಪಸು ಕೊಟ್ಟಳು. ಹಾರೆಯವರು ಹೋದರು. ಖಾಸಿಂ ಚಾಚಾ ಯಾರ ಮುಖವನ್ನೂ ನೋಡದೆ ಚಾವಿ ಹೆಗಲಿಗೇರಿಸಿಕೊಂಡು ಅವರ ಹಿಂದೆಯೇ ಹೋದರು.

ಅವ್ವ ಒಳಗೆ ಹೋಗಿ ಕೂತವಳು ಒಂದು ಗಂಟೆಯಾದರೂ ರೊಟ್ಟಿ ಬಡಿಯಲಿಲ್ಲ. ಹಿಟ್ಟು ಪರಾತದಲ್ಲಿ ಒಣಗುತ್ತಿತ್ತು. ನನಗೆ ಹೆದರಿಕೆಯಾಯಿತು. ಇಷ್ಟು ವರ್ಷ ಓಣಿಗೆ ನೀರು ಬಿಟ್ಟೆ ಎಂದುಕೊಂಡವಳಿಗೆ ಎಲ್ಲರೂ ಸೇರಿ ಆಟ ಆಡಿಸಿದರು ಎನ್ನಿಸಿದರೆ ಅದನ್ನು ತಡೆದುಕೊಳ್ಳುವ ವಯಸ್ಸೇ? ಹತ್ತಿರ ಕೂತು, "ಅವ್ವಾ, ಮನಸ್ಸಿಗೆ ಹಚ್ಕೋಬ್ಯಾಡ" ಅಂದೆ.

"ಹಚ್ಕೊಳ್ಳಲಾರದ ಏನ್ ಮಾಡ್ಲೋ?" ಅಂದಳು ಅವ್ವ. ಕಣ್ಣು ತುಂಬಿತ್ತು, ಆದರೆ ತುಟಿಯಲ್ಲಿ ನಗು. "ಈ ಓಣ್ಯಾಗ ಒಬ್ಬರ ಹೊಟ್ಟ್ಯಾಗ ಒಂದು ಮಾತು ಸಂಜೀತನಕ ನಿಲ್ಲಲ್ಲ. ನನ್ನ ಸಲುವಾಗಿ ಇಪ್ಪತ್ತೊಂದು ಮನ್ಯಾಗ ಹನ್ನೊಂದು ವರ್ಷ ನಿಂತದ."